ಅಮ್ಮನ ಕ್ಯಾಲ್ಸಿಯಂ ನಾರ್ಮಲ್ ಅಂತೆ, ನೆಲದಿಂದ ಏಳೋಕೆ ಮಾತ್ರ ಗೋಡೆ ಬೇಕು

ಕಲ್ಪತರು · ಸೆಪ್ಟೆಂಬರ್ 12, ರಾತ್ರಿ 10:20

ಅಮ್ಮನಿಗೆ 58. ಅಪ್ಪ ಹೋದ ಮೇಲೆ, ಆರು ವರ್ಷದ ಹಿಂದೆ, ತಿಪಟೂರು ಕಡೆಯ ನಮ್ಮೂರಿಂದ ಬೆಂಗಳೂರಿಗೆ ಕರ್ಕೊಂಡು ಬಂದೆ. ಮೂರನೇ ಮಹಡಿ ಫ್ಲಾಟು. ಎರಡು ವರ್ಷದಿಂದ ತೊಡೆ ನೋವು, ಸೊಂಟ ನೋವು, ಪಕ್ಕೆಲುಬು ಒತ್ತಿದ್ರೆ "ಅಯ್ಯೋ" ಅಂತಾರೆ. ನೆಲದ ಮೇಲೆ ಕೂತ್ರೆ ಒಂದು ಕೈ ಮಂಡಿ ಮೇಲೆ, ಇನ್ನೊಂದು ಗೋಡೆ ಮೇಲೆ ಊರಿ ಏಳಬೇಕು. ದೇವರ ಮನೆ ಪಕ್ಕದ ಗೋಡೆ ಮೇಲೆ ಅಮ್ಮನ ಅಂಗೈ ಗಾತ್ರದ ಎಣ್ಣೆ ಕಲೆ ಆಗಿದೆ. ಸುಣ್ಣ ಹೊಡೆಸಿದ್ವಿ, ಮತ್ತೆ ಅಲ್ಲೇ ಬಂತು. ನಡೆಯುವಾಗ ಬಾತುಕೋಳಿ ಥರ ಅತ್ತಿತ್ತ ವಾಲ್ತಾರೆ, ಮೊಮ್ಮಗಳು ಅದನ್ನ ನಕಲು ಮಾಡಿ ನಗ್ತಾಳೆ.

ಮೂರು ಕಡೆ ತೋರಿಸಿದ್ವಿ. ಒಬ್ಬರು ವಾತ ಅಂದ್ರು, ಒಬ್ಬರು ವಯಸ್ಸು ಅಂದ್ರು. ಮೂರನೆಯವರು ರಕ್ತ ತೆಗೆಸಿ "ಕ್ಯಾಲ್ಸಿಯಂ 8.7, ನಾರ್ಮಲ್ ಇದೆ, ಆದರೂ ಮಾತ್ರೆ ತಗೊಳ್ಳಿ" ಅಂತ ಬರೆದುಕೊಟ್ಟರು. ಎಂಟು ತಿಂಗಳಿಂದ ಮಾತ್ರೆ ನುಂಗ್ತಿದಾರೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಹೋದ ವಾರ ಮೂಳೆ ಸಾಂದ್ರತೆಯ ಸ್ಕ್ಯಾನ್ ಆಯ್ತು, ಸ್ಕೋರು ಮೈನಸ್ 2.9. ಮೂಳೆ ಸವೆತ, ವರ್ಷಕ್ಕೊಂದು ಇಂಜೆಕ್ಷನ್ ಹಾಕ್ತೀವಿ ಅಂತಿದಾರೆ. ಹಾಕಿಸಿಬಿಡೋದಾ? ಈ ದಾರಿ ತುಳಿದವರು ಯಾರಾದ್ರೂ ಇದ್ರೆ ಹೇಳಿ.

ಬೆಲ್ಲದಚ್ಚು · ಸೆಪ್ಟೆಂಬರ್ 12, ರಾತ್ರಿ 10:41

ಅಕ್ಕ, ಬೆಂಗಳೂರಿಗೆ ಬಂದ ಮೇಲೆ ಅಮ್ಮ ಮುದ್ದೆ ಬಿಟ್ರಾ? ಅಷ್ಟೇ ವಿಷಯ. ನಮ್ಮ ಮಂಡ್ಯ ಕಡೆ ನಮ್ಮಜ್ಜಿ 84ಕ್ಕೂ ಕಬ್ಬಿನ ಗದ್ದೆ ಬದು ಹತ್ತಿ ಇಳೀತಿದ್ರು. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕೀಲಿ 10 ಇದ್ರೆ ಹೆಚ್ಚು. ಮಾತ್ರೆ ಯಾಕೆ?

ಮೂಳೆ ಡಾಕ್ಟ್ರು · ಸೆಪ್ಟೆಂಬರ್ 12, ರಾತ್ರಿ 11:55

ಕಲ್ಪತರು ಅವರೇ, ಆ ಇಂಜೆಕ್ಷನ್ ಈ ವಾರ ಬೇಡ. ಮೊದಲು ಇಷ್ಟು ನೋಡಿಸಿ: ವಿಟಮಿನ್ ಡಿ (25-ಹೈಡ್ರಾಕ್ಸಿ), ಪ್ಯಾರಾಥೈರಾಯ್ಡ್ ಹಾರ್ಮೋನ್, ಅಲ್ಕಲೈನ್ ಫಾಸ್ಫಟೇಸ್, ಫಾಸ್ಫರಸ್, ಕ್ರಿಯಾಟಿನಿನ್. ನಾನು ಹಾಸನದಲ್ಲಿ ಮೂಳೆ ನೋಡುವವನು. ನಿಮ್ಮ ಅಮ್ಮನನ್ನು ನೋಡದೆ ರೋಗ ಹೆಸರಿಸಲಾರೆ. ಆದರೆ ನೀವು ಬರೆದ ನಾಲ್ಕು ಸಾಲಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸವೆತಕ್ಕಿಂತ ಬೇರೆ.

ಮೂಳೆ ಸವೆತ ಮುರಿಯುವವರೆಗೂ ಸಾಮಾನ್ಯವಾಗಿ ನೋಯುವುದಿಲ್ಲ. ಕಳ್ಳನ ಥರ ಬರುತ್ತದೆ. ತೊಡೆಯ ಬಲ ಹೋಗುವುದು, ಪಕ್ಕೆ ಒತ್ತಿದರೆ ನೋಯುವುದು, ವಾಲಿ ನಡೆಯುವುದು, ಇವು ಮೂಳೆ ಮೆತ್ತಗಾಗಿರುವ ಲಕ್ಷಣ. ಇದಕ್ಕೆ ಆಸ್ಟಿಯೋಮಲೇಸಿಯಾ ಅನ್ನುತ್ತೇವೆ. ಮಕ್ಕಳಲ್ಲಿ ಬಂದರೆ ರಿಕೆಟ್ಸ್, ಕಾಲು ಬಿಲ್ಲಿನಂತೆ ಬಾಗುತ್ತದೆ. ದೊಡ್ಡವರ ಮೂಳೆ ಬೆಳೆದು ಮುಗಿದಿರುವುದರಿಂದ ಸಾಧಾರಣವಾಗಿ ಹಾಗೆ ಬಾಗುವುದಿಲ್ಲ, ಒಳಗೇ ಸೀಳು ಬಿಡುತ್ತದೆ.

ಹಳ್ಳಿ ಮನೆಯ ಮಣ್ಣಿನ ಗೋಡೆ ನೋಡಿದ್ದೀರಲ್ಲ, ಕೆಸರಿಗೆ ಹುಲ್ಲು ಕಲಸಿ ಕಟ್ಟುತ್ತಾರೆ. ಮೂಳೆಯಲ್ಲಿ ಹುಲ್ಲಿನ ಜಾಗದಲ್ಲಿ ಕೊಲ್ಯಾಜೆನ್ ಎಂಬ ಪ್ರೋಟೀನು, ಮಣ್ಣಿನ ಜಾಗದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ (ಫಾಸ್ಫರಸ್). ಸವೆತವೆಂದರೆ ಒಣಗಿದ ಗೋಡೆಗೇ ಗೆದ್ದಲು ಹಿಡಿದು ತೆಳ್ಳಗಾದದ್ದು. ಮೆತ್ತಗಾಗುವುದೆಂದರೆ ಗೋಡೆ ಕಟ್ಟಿದೆ, ಆದರೆ ಒಣಗಲೇ ಇಲ್ಲ. ಹೆಚ್ಚಾಗಿ ಇದಕ್ಕೆ ಕಾರಣ ವಿಟಮಿನ್ ಡಿ ಕೊರತೆ, ಕರುಳು ಕ್ಯಾಲ್ಸಿಯಂ ಹೀರಲು ಅದು ಬೇಕು. ಸ್ಕ್ಯಾನ್ ಯಂತ್ರ ಖನಿಜ ಎಷ್ಟಿದೆ ಎಂದು ಮಾತ್ರ ಹೇಳುತ್ತದೆ, ಗೆದ್ದಲೋ ಹಸಿಯೋ ಹೇಳುವುದಿಲ್ಲ. ಎರಡಕ್ಕೂ ಸ್ಕೋರು ಸವೆತ ಅನ್ನುವ ಗಡಿಯಾದ ಮೈನಸ್ 2.5ಕ್ಕಿಂತ ಕೆಳಗೆ ಬರಬಹುದು. ಹಸಿ ಗೋಡೆಗೆ ಗೆದ್ದಲು ಮದ್ದು ಹೊಡೆದರೆ, ಅಂದರೆ ವಿಟಮಿನ್ ಡಿ ಪಾತಾಳದಲ್ಲಿರುವಾಗ ಆ ಇಂಜೆಕ್ಷನ್ ಕೊಟ್ಟರೆ, ರಕ್ತದ ಕ್ಯಾಲ್ಸಿಯಂ ದಿಢೀರ್ ಕುಸಿದು ಕೈಕಾಲು ಸೆಟೆದುಕೊಳ್ಳುವ ಅಪಾಯವಿದೆ. ಅದಕ್ಕೇ ಬೇಡ ಅಂದದ್ದು.

ಕಲ್ಪತರು · ಸೆಪ್ಟೆಂಬರ್ 13, ಬೆಳಿಗ್ಗೆ 7:05

ಡಾಕ್ಟ್ರೇ, ನಿದ್ದೆ ಬರಲಿಲ್ಲ ನನಗೆ ಇದನ್ನ ಓದಿ. ಆದ್ರೆ ಕ್ಯಾಲ್ಸಿಯಂ 8.7 ಇದೆಯಲ್ಲ, ನಾರ್ಮಲ್ ಅಲ್ವಾ? ಕೊರತೆ ಎಲ್ಲಿಂದ ಬಂತು?

ಮೂಳೆ ಡಾಕ್ಟ್ರು · ಸೆಪ್ಟೆಂಬರ್ 13, ಬೆಳಿಗ್ಗೆ 7:48

ದಿನಕ್ಕೆ ಹತ್ತು ಜನ ನನ್ನನ್ನು ಇದೇ ಕೇಳುತ್ತಾರೆ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ಚಿಲ್ಲರೆ. ಆದರೆ ಹೃದಯ ಬಡಿಯಲು, ಸ್ನಾಯು ಎಳೆಯಲು, ನರ ಮಾತಾಡಲು ಆ ಚಿಲ್ಲರೆಯೇ ಬೇಕು. ಅದು ಕಡಿಮೆಯಾದರೆ ಜೀವಕ್ಕೇ ಕುತ್ತು. ಹಾಗಾಗಿ ಕುತ್ತಿಗೆಯಲ್ಲಿರುವ, ಕಡಲೆಬೇಳೆ ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕೂತಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಒಂಚೂರು ಇಳಿದರೆ ಸಾಕು, ಮೂಳೆಯಿಂದ ಕಿತ್ತು ತಂದು ಸುರಿಯುತ್ತವೆ. ಊಟದಲ್ಲಿ ಬರಲಿ ಬಿಡಲಿ, ಬಂದದ್ದು ಕರುಳಲ್ಲಿ ಹೀರಲಿ ಬಿಡಲಿ, ರಕ್ತದ ಲೆಕ್ಕ ಸಾಮಾನ್ಯವಾಗಿ ಸರಿ ಇರುತ್ತದೆ. ಮನೆಯ ಜಂತಿ ಮುರಿದು ಒಲೆ ಉರಿಸಿದ ಹಾಗೆ. ಅಡುಗೆ ಮನೆಗೆ ಬಂದು ನೋಡಿದವರಿಗೆ ಒಲೆ ಚೆನ್ನಾಗೇ ಉರಿಯುತ್ತಿರುತ್ತದೆ.

ನಿರ್ವಾಹಕ · ಸೆಪ್ಟೆಂಬರ್ 13, ಬೆಳಿಗ್ಗೆ 9:10

ಇಲ್ಲಿ ಹಾಕಿದ್ದ "21 ದಿನದಲ್ಲಿ ಮಂಡಿ ಸವೆತ ಮಾಯ" ಎಣ್ಣೆಯ ಜಾಹೀರಾತು ತೆಗೆದಿದ್ದೇವೆ. ಮೂರನೇ ಸಲ. ದಯವಿಟ್ಟು ನಿಲ್ಲಿಸಿ.

ಮಲಪ್ರಭಾ ದಂಡಿ · ಸೆಪ್ಟೆಂಬರ್ 13, ಬೆಳಿಗ್ಗೆ 9:32

ಡಾಕ್ಟರ್ ಸಾಹೇಬ್ರ, ನಮ್ಮ ಕಡೆ ಎಪ್ರಿಲ್‌ದಾಗ ನೆತ್ತಿ ಸುಡೂವಂಥ ಬಿಸಲು. ಇಂಥಾ ನಾಡಿನಾಗ ಬಿಸಲಿನ ವಿಟಮಿನ್ ಡಿ ಕಮ್ಮಿ ಆತು ಅಂದ್ರ ನಂಬೂದ ಹ್ಯಾಂಗ್ರಿ? ನಮ್ಮ ಅವ್ವಗೂ 20ರ ಮ್ಯಾಲ ಇರಬೇಕಾದ್ದು 11 ಬಂದಿತ್ತು. ಲ್ಯಾಬಿನವರದೇ ಏನೋ ತಪ್ಪು ಐತಿ ಅಂತ ಇನ್ನೊಂದು ಲ್ಯಾಬಿಗೆ ಕೊಟ್ವಿ. ಅಲ್ಲೂ 11.

ಮೂಳೆ ಡಾಕ್ಟ್ರು · ಸೆಪ್ಟೆಂಬರ್ 13, ಮಧ್ಯಾಹ್ನ 1:15

ನಿಮ್ಮ ಅವ್ವ ಆ ಬಿಸಿಲಿಗೆ ಮೈ ಒಡ್ಡುತ್ತಾರೋ, ಅದರಿಂದ ತಪ್ಪಿಸಿಕೊಳ್ಳುತ್ತಾರೋ? ಬಿಸಿಲು ಜೋರಿರುವ ನಾಡಿನಲ್ಲಿ ಜನ ನೆರಳು ಹುಡುಕುವುದರಲ್ಲಿ ಜಾಣರು.

ಚರ್ಮದಲ್ಲಿ ಕೊಲೆಸ್ಟೆರಾಲ್ ಜಾತಿಯ ಒಂದು ವಸ್ತುವಿದೆ. ಬಿಸಿಲಿನ ಯುವಿ-ಬಿ ಕಿರಣ ಬಿದ್ದರೆ ಅದು ವಿಟಮಿನ್ ಡಿ ಆಗುತ್ತದೆ. ಈ ಕಿರಣಕ್ಕೆ ಗಾಜು ದಾಟಲು ಆಗದು, ಬಟ್ಟೆ ದಾಟುವುದೂ ಅಷ್ಟಕ್ಕಷ್ಟೆ. ಕಪ್ಪು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅದನ್ನು ತಡೆಯುತ್ತದೆ. ಬೆಳಿಗ್ಗೆ ಸಂಜೆ ಸೂರ್ಯ ಓರೆಯಾಗಿರುವಾಗ ಅದು ವಾತಾವರಣದಲ್ಲೇ ಸೋಸಿಹೋಗುತ್ತದೆ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕೆಲಸಕ್ಕೆ ಬರುವ ಬಿಸಿಲು, ಉದ್ದವಾಗಿದ್ದರೆ ಬೆಳಕು ಮಾತ್ರ. ನಮ್ಮಲ್ಲಿ 11ರಿಂದ 2ರ ಒಳಗಿನದು ಅಂತ ಇಟ್ಟುಕೊಳ್ಳಿ.

ಬೆಲ್ಲದಚ್ಚು · ಸೆಪ್ಟೆಂಬರ್ 13, ಮಧ್ಯಾಹ್ನ 1:40

ತಡೀರಿ ತಡೀರಿ. ಎಳೆ ಬಿಸಿಲೇ ಒಳ್ಳೇದು ಅಂತ ಹುಟ್ಟಿದಾಗಿಂದ ಕೇಳಿದೀನಿ. ಮಗೂಗೆ ಎಣ್ಣೆ ಹಚ್ಚಿ ಏಳು ಗಂಟೆಗೆ ಜಗಲಿ ಮೇಲೆ ಮಲಗಿಸೋದು ಮತ್ತೆ ಯಾಕೆ? ನಮ್ಮಜ್ಜಿಯಂದಿರೆಲ್ಲ ದಡ್ಡರಾ?

ಮೂಳೆ ಡಾಕ್ಟ್ರು · ಸೆಪ್ಟೆಂಬರ್ 13, ಮಧ್ಯಾಹ್ನ 2:02

ಅಜ್ಜಿಯರು ವಿಟಮಿನ್ ಡಿ ಅಂತ ಹೇಳಿರಲಿಲ್ಲವಲ್ಲ. ಮಗು ಬೆಚ್ಚಗಿರಲಿ, ಮೈ ಹದವಾಗಲಿ ಅಂತ ಹೇಳಿದರು. ವಿಟಮಿನ್ ಹೆಸರನ್ನು ಅದಕ್ಕೆ ಅಂಟಿಸಿದವರು ನಾವು. ಏಳು ಗಂಟೆ ಬಿಸಿಲಲ್ಲಿ ಯುವಿ-ಬಿ ಇಲ್ಲವೆನ್ನುವಷ್ಟು ಕಡಿಮೆ. ಮಗುವನ್ನು ಹನ್ನೆರಡು ಗಂಟೆಗೆ ಹೊರಗೆ ಮಲಗಿಸಿ ಅಂತ ಯಾರೂ ಹೇಳುವುದಿಲ್ಲ, ಹಾಗಾಗಿ ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಕೊಡಿ ಅಂತ ಮಕ್ಕಳ ವೈದ್ಯರು ಬರೆಯುತ್ತಾರೆ. ತಾಯಿಹಾಲಿನಲ್ಲಿ ಬಹುತೇಕ ಎಲ್ಲ ಇದೆ, ಇದು ತೀರಾ ಕಡಿಮೆ.

ಕ್ಲೈಡ್ ದಡದವ · ಸೆಪ್ಟೆಂಬರ್ 13, ರಾತ್ರಿ 11:20

ಗ್ಲಾಸ್ಗೋದಿಂದ ಬರೀತಿದೀನಿ, ಊರು ಅರಸೀಕೆರೆ. ಇಲ್ಲಿ ಅಕ್ಟೋಬರಿಂದ ಮಾರ್ಚ್‌ವರೆಗೆ ಮಧ್ಯಾಹ್ನ ಹನ್ನೆರಡಕ್ಕೂ ನೆರಳು ನನಗಿಂತ ಉದ್ದ, ಅದೂ ಸೂರ್ಯ ಕಂಡರೆ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ, ಅಂದ್ರೆ 400 ಯೂನಿಟ್ ತಗೊಳ್ಳೋದನ್ನ ಎಲ್ಲರೂ ಯೋಚಿಸಿ ಅಂತ ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತೆ. ನಮ್ಮಂಥ ಚರ್ಮದವರಿಗೆ ವರ್ಷವಿಡೀ.

ಈ ಊರಿಗೂ ರಿಕೆಟ್ಸಿಗೂ ಹಳೇ ನಂಟು. 1960ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದ ಭಾರತ ಪಾಕಿಸ್ತಾನದ ಮನೆಗಳ ಮಕ್ಕಳಲ್ಲಿ ಕಾಲು ಬಾಗಿದ್ದು ಕಂಡಾಗ ವೈದ್ಯರಿಗೇ ಆಶ್ಚರ್ಯ. ಆ ಕಾಯಿಲೆ ಹೋಯ್ತು ಅಂತ ಅಂದುಕೊಂಡಿದ್ರಂತೆ. ಬಿಸಿಲು ಕಡಿಮೆ, ಜೊತೆಗೆ ಹೊಟ್ಟಿರೋ ಗೋಧಿ ಹಿಟ್ಟಿನ ಚಪಾತಿ, ಮೀನು ಮೊಟ್ಟೆ ತಿನ್ನದ ಮನೆಗಳು, ಎಲ್ಲ ಸೇರಿಕೊಂಡಿತ್ತು. ಆಮೇಲೆ ಮಕ್ಕಳಿಗೆ ವಿಟಮಿನ್ ಡಿ ಪುಕ್ಕಟೆ ಹಂಚಿ ಹತೋಟಿಗೆ ತಂದ್ರು.

ಅದಕ್ಕೂ ಹಿಂದಿನ ಒಂದು ಕಥೆ ನಂಗಿಷ್ಟ. 1919ರಲ್ಲಿ ಬರ್ಲಿನ್‌ನಲ್ಲಿ ಹುಲ್ಡ್‌ಶಿನ್‌ಸ್ಕಿ ಅನ್ನೋ ಮಕ್ಕಳ ವೈದ್ಯ ರಿಕೆಟ್ಸ್ ಆದ ಮಕ್ಕಳಿಗೆ ಪಾದರಸದ ದೀಪದ ಬೆಳಕು ಹಾಯಿಸಿದ. ಒಂದೇ ಕೈಗೆ ಬೆಳಕು ಹಾಯಿಸಿದ್ರೂ ಎಕ್ಸ್‌ರೇಲಿ ಎರಡೂ ಕೈಯ ಮೂಳೆ ಕೂಡಿಕೊಂಡಿತ್ತು! ಚರ್ಮದಲ್ಲಿ ಏನೋ ತಯಾರಾಗಿ ರಕ್ತದಲ್ಲಿ ಓಡಾಡ್ತಿದೆ ಅನ್ನೋ ಸುಳಿವು ಸಿಕ್ಕಿದ್ದು ಹಾಗೆ. ಅದೇ ವರ್ಷ ಲಂಡನ್ನಿನಲ್ಲಿ ಮೆಲನ್‌ಬಿ ನಾಯಿಮರಿಗಳಿಗೆ ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟು ರಿಕೆಟ್ಸ್ ತಡೆದಿದ್ದ. ದೀಪ, ಮೀನೆಣ್ಣೆ ಎರಡರ ಒಳಗೂ ಇರೋದು ಒಂದೇ ವಸ್ತು ಅಂತ ಗೊತ್ತಾಗೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು.

ಬೂತಾಯಿ ಪ್ರಿಯ · ಸೆಪ್ಟೆಂಬರ್ 14, ಬೆಳಿಗ್ಗೆ 8:15

ಕಾಡ್ ಎಣ್ಣೆ ಎಂತದಕ್ಕೆ ಮಾರಾಯ್ರೆ, ನಮ್ಮ ಮಲ್ಪೆಯ ಬೂತಾಯಿ ಉಂಟಲ್ಲ. ಎಣ್ಣೆ ಜಿನುಗುವ ಮೀನು, ವಿಟಮಿನ್ ಡಿ ಉಂಟು, ಸಣ್ಣದಾದರೆ ಮುಳ್ಳು ಸಮೇತ ಜಗಿಯುವುದು, ಆ ಮುಳ್ಳೇ ಕ್ಯಾಲ್ಸಿಯಂ. ಆದರೆ ಸತ್ಯ ಹೇಳುವುದಾದರೆ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮೀನು, ಆದರೂ ನನ್ನ ಹೆಂಡತಿಗೆ 14 ಬಂತು. ಬ್ಯಾಂಕಿನಲ್ಲಿ ಕೆಲಸ, ಬೆಳಿಗ್ಗೆ ಎಂಟೂವರೆಗೆ ಬಸ್ಸು, ಸಂಜೆ ಆರೂವರೆಗೆ ವಾಪಸ್. ಮೀನು ಒಂದರಿಂದಲೇ ತುಂಬುವ ಪಾತ್ರೆ ಅಲ್ಲ ಅದು.

ಕಲ್ಪತರು · ಸೆಪ್ಟೆಂಬರ್ 14, ರಾತ್ರಿ 9:30

ಈಗ ಅಮ್ಮನ ದಿನಚರಿ ಕೂತು ಬರೆದೆ. ಊರಲ್ಲಿದ್ದಾಗ ಎರಡು ಹಸು. ಹಿತ್ತಲಲ್ಲಿ ಬೆರಣಿ ತಟ್ಟೋದು, ಅಂಗಳದಲ್ಲಿ ಕಾಳು ಹರವೋದು, ಕೊಬ್ಬರಿ ಸುಲಿಯೋ ಕಾಲಕ್ಕೆ ಇಡೀ ದಿನ ಹೊರಗೆ. ಎರಡು ಹೊತ್ತು ಮುದ್ದೆ, ರಾತ್ರಿ ಒಂದು ದೊಡ್ಡ ಲೋಟ ಹಾಲು. ಇಲ್ಲಿ? ಬೆಳಿಗ್ಗೆ ದೋಸೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ನಮ್ಮ ಜೊತೆ ಚಪಾತಿ. ಹಾಲು ಟೀಗೆ ಮಾತ್ರ. ಬಾಲ್ಕನಿಗೆ ಪಾರಿವಾಳದ ಕಾಟ ಅಂತ ಗಾಜು ಹಾಕಿಸಿದ್ದು ನಾನೇ. ಅಮ್ಮ ದಿನಾ ಅಲ್ಲೇ ಕೂತು "ಬಿಸಿಲು ಕಾಯಿಸ್ತೀನಿ" ಅಂತಿದ್ರು. ಆರು ವರ್ಷ.

ಆಶಾ ಅಕ್ಕ · ಸೆಪ್ಟೆಂಬರ್ 14, ರಾತ್ರಿ 10:10

ನಾನು ಚಾಮರಾಜನಗರ ಕಡೆ ಆಶಾ ಕಾರ್ಯಕರ್ತೆ. ಅಮ್ಮ ಕ್ಯಾಲ್ಸಿಯಂ ಮಾತ್ರೆ ಯಾವಾಗ ತಗೋತಾರೆ, ಯಾವುದರ ಜೊತೆ ತಗೋತಾರೆ ಕೇಳಿ. ನಮ್ಮ ಬಸುರಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ, ಒಂದು ಕಬ್ಬಿಣದ ಮಾತ್ರೆ ಕೊಡ್ತೀವಿ. ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕ್ಕೊಂಡು "ಇವತ್ತಿನ ಕೆಲಸ ಮುಗೀತು" ಅಂತಾರೆ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ಹೋದ್ರೆ ಕಬ್ಬಿಣ ಮೈಗೆ ಹತ್ತೋದು ಕಮ್ಮಿ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಎರಡು ಗಂಟೆ ಬಿಟ್ಟು. ನಾನು ಡಬ್ಬಿ ಮೇಲೆ ಸ್ಕೆಚ್ ಪೆನ್ನಲ್ಲಿ ತಟ್ಟೆ ಚಿತ್ರ ಬರೆದು ಕೊಡ್ತೀನಿ.

ಕಲ್ಪತರು · ಸೆಪ್ಟೆಂಬರ್ 14, ರಾತ್ರಿ 10:32

ಅಕ್ಕಾ! ಅಮ್ಮನಿಗೆ ಥೈರಾಯ್ಡ್ ಇದೆ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಗ್ಯಾಸ್ ಮಾತ್ರೆ, ಕ್ಯಾಲ್ಸಿಯಂ, ಮೂರೂ ಒಂದೇ ಗುಟುಕಲ್ಲಿ. ಡಬ್ಬಿಯಲ್ಲಿ ಜೋಡಿಸಿಡೋದೂ ನಾನೇ.

ಮೂಳೆ ಡಾಕ್ಟ್ರು · ಸೆಪ್ಟೆಂಬರ್ 15, ಬೆಳಿಗ್ಗೆ 6:50

ಆಶಾ ಅಕ್ಕನವರಿಗೆ ನಮಸ್ಕಾರ. ಮೂರು ಜನ ವೈದ್ಯರು ಕೇಳದ ಪ್ರಶ್ನೆ ಕೇಳಿದಿರಿ.

ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇನ್ನು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಲ್ಸಿಯಂ ಕಾರ್ಬೋನೇಟ್. ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ಖಾಲಿ ಹೊಟ್ಟೆ, ಮೇಲೆ ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆ: ಹೆಚ್ಚಿನ ಪಾಲು ಮೈಗೆ ಹತ್ತದೆ ಹೊರಗೆ ಹೋಗಿರುತ್ತದೆ. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಆಮ್ಲಕ್ಕೆ ಕಾಯುವುದಿಲ್ಲ. ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಮೆಗ್ನೀಸಿಯಂ ತೀರಾ ಇಳಿದರೆ ಆ ಕಾವಲು ಗ್ರಂಥಿಗಳೇ ತೂಕಡಿಸುತ್ತವೆ. ಅದನ್ನೂ ನೋಡಿಸಿ.

ಮಾತ್ರೆಯ ಹಾಳೆ ಮೇಲೆ 1250 ಅಂತ ದೊಡ್ಡದಾಗಿ ಇರಬಹುದು. ಅದು ಕಾರ್ಬೋನೇಟ್ ತೂಕ, ಅದರೊಳಗಿನ ಕ್ಯಾಲ್ಸಿಯಂ 500 ಮಿಲಿಗ್ರಾಂ.

ಬೆಲ್ಲದಚ್ಚು · ಸೆಪ್ಟೆಂಬರ್ 15, ಬೆಳಿಗ್ಗೆ 8:20

ಎಲ್ಲ ಸರಿ, ಮುದ್ದೆ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 😄

ಸೊಪ್ಪಿನ ಸೀತಕ್ಕ · ಸೆಪ್ಟೆಂಬರ್ 15, ಬೆಳಿಗ್ಗೆ 11:00

ನಾನು ಕೊಡ್ತೀನಿ. ಆಸ್ಪತ್ರೆಯೊಂದರಲ್ಲಿ ಪಥ್ಯ ಹೇಳೋದೇ ನನ್ನ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮೊದಲು 600 ಇತ್ತು. ಮುಟ್ಟು ನಿಂತ ಹೆಂಗಸರಿಗೆ 1200. ಮೂಳೆ ಕಾಯೋ ಈಸ್ಟ್ರೋಜನ್ ಅವರಿಗೆ ಕೈಕೊಟ್ಟಿರುತ್ತಲ್ಲ, ಅದಕ್ಕೆ. ಒಂದು ದೊಡ್ಡ ಮುದ್ದೆಗೆ ಹತ್ತಿರ ಹತ್ತಿರ 100 ಗ್ರಾಂ ಹಿಟ್ಟು, ಅಂದ್ರೆ 350. ಒಂದು ಲೋಟ ಹಾಲು, 200 ಮಿಲೀಲಿ ಸುಮಾರು 240. ಮೇಲೊಂದು ಬಟ್ಟಲು ಮೊಸರು, ನುಗ್ಗೆಸೊಪ್ಪಿನ ಪಲ್ಯ, ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ ಎರಡು ಚಮಚ. ಸಾವಿರ ದಾಟ್ತು, ಮಾತ್ರೆ ಇಲ್ಲದೆ. ಹಾಗಾಗಿ ಬೆಲ್ಲದಚ್ಚು ಹೇಳಿದ್ದು ಸುಳ್ಳಲ್ಲ.

ಆದ್ರೆ ತಿಂದಿದ್ದೆಲ್ಲ ಮೈಗೆ ಹತ್ತಲ್ಲ. ರಾಗೀಲಿರೋ ಫೈಟೇಟ್ ಅನ್ನೋ ವಸ್ತು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ. ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ಹಿಟ್ಟಿನಲ್ಲಿ ಆ ಹಿಡಿತ ಸಡಿಲ. ಮಗೂಗೆ ರಾಗಿ ಮಣ್ಣಿ ಮಾಡೋಕೆ ಮನೆಗಳಲ್ಲಿ ಮೊಳಕೆ ಕಟ್ಟೋದು ಸುಮ್ನೆ ಅಲ್ಲ. ಪಾಲಕ್ಕಿನ ಕ್ಯಾಲ್ಸಿಯಂ ಅದರಲ್ಲೇ ಇರೋ ಆಕ್ಸಲೇಟ್ ಅನ್ನೋ ವಸ್ತುವಿನ ಜೊತೆ ಗಂಟು ಬಿದ್ದಿರುತ್ತೆ, ಅದನ್ನ ಲೆಕ್ಕಕ್ಕೇ ಇಡಬೇಡಿ. ಮತ್ತೆ ಮೈಯಲ್ಲಿ ವಿಟಮಿನ್ ಡಿ ಇಲ್ಲದಿದ್ರೆ ಊಟದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 10-15 ಪಾಲು ಮಾತ್ರ ಒಳಗೆ ಹೋಗುತ್ತೆ, ಇದ್ರೆ 30-40. ಮುದ್ದೆ ತಿಂದು ಗಾಜಿನ ಹಿಂದೆ ಕೂತ್ರೆ ಮುದ್ದೆಗೂ ಬೇಜಾರು.

ಡಾಕ್ಟ್ರು ಹೇಳಿದ ಗೋಡೆಯ ಹುಲ್ಲಿನ ಮಾತು ಬಂತಲ್ಲ, ಕೊಲ್ಯಾಜೆನ್ ಹೊಸೆಯೋಕೆ ವಿಟಮಿನ್ ಸಿ ಬೇಕು, ಬೇಳೆಕಾಳಿನ ಪ್ರೋಟೀನು ಬೇಕು. ಒಂದು ನೆಲ್ಲಿಕಾಯಿ, ಇಲ್ಲ ಪಲ್ಯದ ಮೇಲೆ ನಿಂಬೆ ಹಿಂಡಿ. ಸೊಪ್ಪಿನ ವಿಟಮಿನ್ ಕೆ ಕೂಡ ಮೂಳೆಗೆ ಬೇಕು, ಆದ್ರೆ ವಾರ್ಫರಿನ್ ತಗೊಳ್ಳೋರು ಇದನ್ನ ಓದಿ ಒಮ್ಮೆಲೇ ಸೊಪ್ಪು ಜಾಸ್ತಿ ಮಾಡಬೇಡಿ, ರಕ್ತ ತೆಳು ಮಾಡೋ ಲೆಕ್ಕ ತಪ್ಪುತ್ತೆ.

ಮಲಪ್ರಭಾ ದಂಡಿ · ಸೆಪ್ಟೆಂಬರ್ 15, ಮಧ್ಯಾಹ್ನ 12:10

ರೊಟ್ಟಿ ತಿನ್ನಾವ್ರ ಗತಿ ಏನ್ರೀ ಅಕ್ಕಾರ? ಜೋಳದಾಗ ಕ್ಯಾಲ್ಸಿಯಂ ಎಷ್ಟು?

ಸೊಪ್ಪಿನ ಸೀತಕ್ಕ · ಸೆಪ್ಟೆಂಬರ್ 15, ಮಧ್ಯಾಹ್ನ 12:25

100 ಗ್ರಾಮಿಗೆ 30ರ ಒಳಗೆ. ಆದ್ರೆ ನಿಮ್ಮ ಊಟದಲ್ಲಿ ಕೆನೆಮೊಸರು, ಗುರೆಳ್ಳು ಚಟ್ನಿ ಇರುತ್ತಲ್ಲ. ಅದನ್ನ ಬಿಟ್ಟು ಬರೀ ಖಾರ ಹಚ್ಚಿ ತಿಂದ್ರೆ ಕಷ್ಟ.

ಪಾವಗಡ ಮೇಷ್ಟ್ರು · ಸೆಪ್ಟೆಂಬರ್ 16, ರಾತ್ರಿ 9:45

ಎಲ್ಲರೂ ಊಟ, ಬಿಸಿಲು ಮಾತಾಡುತ್ತಿದ್ದೀರಿ. ನಮ್ಮ ತಾಲ್ಲೂಕಿನಿಂದ ನೀರಿನ ಮಾತು ಸೇರಿಸುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಹಾಜರಿ ಕರೆಯುವಾಗ ಮಕ್ಕಳು ನಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು "ಉಂ" ಅನ್ನುತ್ತಿದ್ದರು. ಆಮೇಲೆ ತಿಳಿಯಿತು, ಹಲ್ಲು ಕಾಣಿಸಬಾರದು ಅಂತ. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ, ಟೀ ಕಲೆಯಂತೆ. ಎಷ್ಟು ಉಜ್ಜಿದರೂ ಹೋಗದ್ದು, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕೂತದ್ದು. ಊರ ಕಟ್ಟೆ ಮೇಲೆ ಕೂರುತ್ತಿದ್ದ ಒಬ್ಬ ತಾತನನ್ನು ಪಕ್ಕದಿಂದ ಕರೆದರೆ ಕುತ್ತಿಗೆ ತಿರುಗಿಸುತ್ತಿರಲಿಲ್ಲ. ಎರಡೂ ಕೈ ಕೋಲಿನ ಮೇಲಿಟ್ಟು ಇಡೀ ಮೈ ತಿರುಗಿಸಿ "ಯಾರಪ್ಪ" ಅನ್ನುತ್ತಿದ್ದರು. ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕೊಳವೆಬಾವಿಗಳು ಆಳಕ್ಕೆ ಹೋದಷ್ಟೂ ಕಲ್ಲಿನಲ್ಲಿರುವ ಫ್ಲೋರೈಡನ್ನು ಮೇಲಕ್ಕೆ ತಂದವು. ಪಾವಗಡ ಒಂದೇ ಅಲ್ಲ, ಬಾಗೇಪಲ್ಲಿ, ಮುಂಡರಗಿ, ರಾಯಚೂರು ಕಡೆಗೂ ಇದೇ ಕಥೆ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ವೈದ್ಯರು ಇದನ್ನು ಗುರುತಿಸಿ ಬರೆದಿದ್ದಾರೆ.

ಈ ಚರ್ಚೆಗೆ ಸಂಬಂಧಪಟ್ಟ ವಿಷಯ ಇದು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಆಂಧ್ರದ ಫ್ಲೋರೈಡ್ ಸೀಮೆಯಲ್ಲಿ ಮಂಡಿಗಳು ಒಂದಕ್ಕೊಂದು ತಾಗುವ ಹಾಗೆ ಕಾಲು ತಿರುಚಿದ ಹುಡುಗರನ್ನು ಕಂಡರು. ಅದೇ ಫ್ಲೋರೈಡ್ ಕುಡಿದರೂ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವವರ ಮೂಳೆಗೆ ಪೆಟ್ಟು ಜಾಸ್ತಿ. ಕ್ಯಾಲ್ಸಿಯಂ ಚೆನ್ನಾಗಿದ್ದರೆ ಅದು ಕರುಳಲ್ಲೇ ಒಂದಿಷ್ಟು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಅಂದರೆ ಬಡವನ ತಟ್ಟೆಗೂ ಬಡವನ ಬಾವಿಗೂ ನಡುವೆ ಒಪ್ಪಂದವಾದ ಹಾಗೆ.

ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ಮಕ್ಕಳ ಹಲ್ಲು ಎಷ್ಟೋ ವಾಸಿ. ಆದರೆ ಕುಡಿಯಲು ಘಟಕದ ನೀರು, ಸಾರಿಗೆ, ಮುದ್ದೆಗೆ, ಬೇಳೆಗೆ ಬೋರ್ ನೀರು! ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಪೋಷಕರ ಸಭೆಯಲ್ಲಿ ನಾನು ಹೇಳುವುದು ಇದೊಂದೇ ಮಾತು, ಕೇಳಿ ಕೇಳಿ ಅವರಿಗೂ ಸಾಕಾಗಿದೆ. ಘಟಕ ಕೆಟ್ಟು ಮೂರು ತಿಂಗಳಾದರೂ ರಿಪೇರಿಗೆ ಬಾರದ ಊರುಗಳೂ ಇವೆ. ಆಗ ಮತ್ತೆ ಬೋರೇ ಗತಿ.

ಕಲ್ಪತರು ಅವರೇ, ನಿಮ್ಮದೂ ತುಮಕೂರು ಜಿಲ್ಲೆ. ಊರ ನೀರು ಹೇಗಿತ್ತು?

ಕಲ್ಪತರು · ಸೆಪ್ಟೆಂಬರ್ 16, ರಾತ್ರಿ 10:05

ಮೇಷ್ಟ್ರೇ, ನಮ್ಮದು ತೆರೆದ ಬಾವಿ ನೀರು, ಆಮೇಲೆ ನಲ್ಲಿ. ಅಮ್ಮನ ಹಲ್ಲು ಬೆಳ್ಳಗಿದೆ, ಕುತ್ತಿಗೆ ತಿರುಗುತ್ತೆ.

ಮೂಳೆ ಡಾಕ್ಟ್ರು · ಸೆಪ್ಟೆಂಬರ್ 17, ಬೆಳಿಗ್ಗೆ 7:00

ಮೇಷ್ಟ್ರ ಅನುಮಾನ ಸರಿಯಾದದ್ದೇ. ಮುಂಗೈಯ ಒಂದು ಎಕ್ಸ್‌ರೇ ಸಾಕು, ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ, ಇದ್ದರೆ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿ ಗೊತ್ತಾಗಿಬಿಡುತ್ತದೆ. ಆ ಮೂಳೆ ನೋಡಲು ದಟ್ಟ, ಒಳಗೆ ಪೆಡಸು. ಸ್ಕ್ಯಾನ್ ಸ್ಕೋರು ಹೆಚ್ಚೇ ಬರಬಹುದು, ಆದರೂ ಮುರಿಯುತ್ತದೆ.

ಶರಾವತಿ ಹಿನ್ನೀರು · ಸೆಪ್ಟೆಂಬರ್ 17, ರಾತ್ರಿ 8:40

ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡಿನ ಕಾಯಿಲೆ ನೆನಪಾಯ್ತು. 1970ರ ದಶಕದಲ್ಲಿ ಸೊಂಟ, ಮಂಡಿ ಹಿಡಿದು ಜನ ಕುಗ್ಗಿಹೋದಾಗ ಮೊದಲು ಅಪೌಷ್ಟಿಕತೆ ಅಂದ್ರು, ಗದ್ದೆ ಏಡಿ, ಕೀಟನಾಶಕ ಅಂದ್ರು. ಕೊನೆಗೆ ವಂಶವಾಹಿಯಲ್ಲೇ ಬರೋದು ಅಂತ ಗೊತ್ತಾಯ್ತು. ಕೊರತೆ ಅಂತ ಎಲ್ಲದಕ್ಕೂ ಹಣೆಪಟ್ಟಿ ಹಚ್ಚೋ ಮೊದಲು ಪರೀಕ್ಷೆ ಮಾಡಿಸಿ ಅನ್ನೋಕೆ ಹೇಳಿದೆ ಅಷ್ಟೆ.

ಕಲ್ಪತರು · ಸೆಪ್ಟೆಂಬರ್ 19, ಸಂಜೆ 6:15

ರಿಪೋರ್ಟ್ ಬಂತು. ವಿಟಮಿನ್ ಡಿ 5.8. ಅಲ್ಕಲೈನ್ ಫಾಸ್ಫಟೇಸ್ 312. ಪ್ಯಾರಾಥೈರಾಯ್ಡ್ 148. ಫಾಸ್ಫರಸ್ 2.1. ಮೆಗ್ನೀಸಿಯಂ, ಕ್ರಿಯಾಟಿನಿನ್ ಸರಿ ಇದೆ. ಎಕ್ಸ್‌ರೇಲಿ ತೊಡೆ ಮೂಳೆ ಮೇಲ್ಭಾಗದಲ್ಲಿ ಸಣ್ಣ ಗೆರೆ ಇದೆಯಂತೆ.

ಮೂಳೆ ಡಾಕ್ಟ್ರು · ಸೆಪ್ಟೆಂಬರ್ 19, ರಾತ್ರಿ 9:00

ವಿಟಮಿನ್ ಡಿ 20ಕ್ಕಿಂತ ಕೆಳಗೆ ಬಂದರೆ ಕೊರತೆ ಅನ್ನುತ್ತೇವೆ, ಇದು 6 ಕೂಡ ಇಲ್ಲ. ಪ್ಯಾರಾಥೈರಾಯ್ಡ್, ಅದೇ ಕಾವಲು ಗ್ರಂಥಿ, ಎರಡು ಪಟ್ಟಿಗೂ ಮೀರಿ ದುಡಿಯುತ್ತಿದೆ. ಒಲೆ ಉರಿಯುತ್ತಿದ್ದದ್ದು ಜಂತಿಯಿಂದಲೇ. ಎಕ್ಸ್‌ರೇಯ ಆ ಗೆರೆ ಹಸಿ ಮೂಳೆ ಬಿಟ್ಟ ಸೀಳು. ಅಮ್ಮ ಸದ್ಯ ಮೆಟ್ಟಿಲು, ಭಾರ ಎರಡರಿಂದಲೂ ದೂರ ಇರಲಿ, ವಾಕರ್ ಹಿಡಿಯಲಿ.

ಎದುರಿಗಿರುವ ವೈದ್ಯರು ಹೇಳಿದ ಪ್ರಮಾಣವೇ ಅಂತಿಮ. ಸಾಮಾನ್ಯ ಪದ್ಧತಿಯೆಂದರೆ 60,000 ಯೂನಿಟ್, ವಾರಕ್ಕೆ ಒಂದು, 8 ವಾರ, ಎಣ್ಣೆ ತುಪ್ಪ ಇರುವ ಊಟವಾದ ಮೇಲೆ. ಜೊತೆಗೆ ಕ್ಯಾಲ್ಸಿಯಂ ಇರಲೇಬೇಕು, ಮಣ್ಣಿಲ್ಲದೆ ಗೋಡೆ ಒಣಗಿಸುವುದು ಹೇಗೆ. ಇನ್ನೊಂದು ಮಾತು: ಮೂಳೆ ಗಟ್ಟಿಯಾಗತೊಡಗಿದಾಗ ಅಲ್ಕಲೈನ್ ಫಾಸ್ಫಟೇಸ್ ಮೊದಲು ಇನ್ನೂ ಏರಬಹುದು. ಹೆದರಿ ನಿಲ್ಲಿಸಬೇಡಿ.

ನಿದ್ದೆಗೆಟ್ಟವ · ಸೆಪ್ಟೆಂಬರ್ 19, ರಾತ್ರಿ 11:50

"ವಾರಕ್ಕೆ ಒಂದು" ಅನ್ನೋದನ್ನ ದಪ್ಪ ಅಕ್ಷರದಲ್ಲಿ ಬರೀರಿ ಡಾಕ್ಟ್ರೇ. ನಮ್ಮ ಮಾವ ಚೀಟಿ ಓದಲಾಗದೆ ದಿನಕ್ಕೆ ಒಂದು ಅಂತ ಎರಡು ತಿಂಗಳು ನುಂಗಿದರು. ನಡುವೆ ಯಾರೋ ಇಂಜೆಕ್ಷನ್ನೂ ಕೊಟ್ಟಿದ್ದರು. ಬಾಯಾರಿಕೆ, ವಾಂತಿ, ಮಲಬದ್ಧತೆ, ಕೊನೆಗೆ ಹೆಂಡತಿ ಹೆಸರೇ ಮರೆತರು. ರಕ್ತದ ಕ್ಯಾಲ್ಸಿಯಂ 14 ದಾಟಿತ್ತು. ಐದು ದಿನ ಐಸಿಯು, ಕಿಡ್ನಿಗೆ ಪೆಟ್ಟು. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗೋ ವಿಟಮಿನ್ ಅಲ್ಲ ಇದು, ಕೊಬ್ಬಿನಲ್ಲಿ ಕೂತುಬಿಡುತ್ತೆ.

ಆಶಾ ಅಕ್ಕ · ಸೆಪ್ಟೆಂಬರ್ 20, ಬೆಳಿಗ್ಗೆ 6:30

ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಕ್ಕೆ ಕುಂಕುಮದ ಬೊಟ್ಟು ಇಡಿ. ನುಂಗಿದ ಮೇಲೆ ಬೊಟ್ಟಿನ ಮೇಲೆ ಗೆರೆ.

ಕಲ್ಪತರು · ನವೆಂಬರ್ 24, ರಾತ್ರಿ 9:10

ಎಂಟು ಬೊಟ್ಟೂ ಮುಗೀತು. ಡಿ 34. ಥೈರಾಯ್ಡ್ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ಊಟದ ಜೊತೆ, ಗ್ಯಾಸ್ ಮಾತ್ರೆ ನಿಲ್ಲಿಸಿದಾರೆ. ನೋವು ಅರ್ಧ ಇಳಿದಿದೆ. ಏಳೋಕೆ ಇನ್ನೂ ಗೋಡೆ ಬೇಕು. ಬಾಲ್ಕನಿ ಗಾಜು ತೆಗೆಸಿ ಬಲೆ ಹಾಕಿಸಿದೆ. ಹನ್ನೊಂದೂವರೆಗೆ ರವಿಕೆ ತೋಳು ಮಡಚಿ ಅರ್ಧ ಗಂಟೆ ಕೂರ್ತಾರೆ, "ಕಪ್ಪಗಾಗ್ತೀನಿ ಕಣೇ" ಅಂತ ಬೈತಾನೇ.

ಬೆಲ್ಲದಚ್ಚು · ನವೆಂಬರ್ 24, ರಾತ್ರಿ 9:25

ಮುದ್ದೆ?

ಕಲ್ಪತರು · ನವೆಂಬರ್ 24, ರಾತ್ರಿ 9:27

ದಿನಾ ಮಧ್ಯಾಹ್ನ. ಮನೆಮಂದಿಗೆಲ್ಲ.

ಮೂಳೆ ಡಾಕ್ಟ್ರು · ನವೆಂಬರ್ 25, ಬೆಳಿಗ್ಗೆ 7:10

ನೋವು ಮೊದಲು ಇಳಿಯುತ್ತದೆ, ಬಲ ನಿಧಾನಕ್ಕೆ ಬರುತ್ತದೆ. ಎಕ್ಸ್‌ರೇ ಮತ್ತೆ ತೆಗೆಸಿ, ಸೀಳು ಕೂಡಿದ್ದು ಖಾತ್ರಿಯಾದ ಮೇಲೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಶುರು ಮಾಡಿಸಿ. ಭಾರ ಬೀಳದ ಮೂಳೆಗೆ ಎಷ್ಟು ಉಣಿಸಿದರೂ ಗಟ್ಟಿಯಾಗುವುದಿಲ್ಲ. ಸಾಂದ್ರತೆಯ ಸ್ಕ್ಯಾನ್ ವರ್ಷದ ನಂತರ ಮತ್ತೆ ನೋಡೋಣ, ಆಗ ಉಳಿದದ್ದು ನಿಜವಾದ ಸವೆತ. ಇಂಜೆಕ್ಷನ್ ಬೇಕೋ ಬೇಡವೋ ಆಗ ಮಾತಾಡಬಹುದು.

ಕಲ್ಪತರು · ಜನವರಿ 16, ಸಂಜೆ 7:40

ಸಂಕ್ರಾಂತಿಗೆ ಅಮ್ಮ ನೆಲದ ಮೇಲೆ ಕೂತು ಎಳ್ಳಿಗೆ ಕೊಬ್ಬರಿ ಹೆಚ್ಚಿದ್ರು. ನಮ್ಮೂರ ಅಟ್ಟದ ಕೊಬ್ಬರಿ, ತಮ್ಮ ಕಳಿಸಿದ್ದ. ಬಾಗಿಲು ಬಡಿದ ಸದ್ದಾಯ್ತು, ನಾನು ಸ್ನಾನದಲ್ಲಿದ್ದೆ. ಹೊರಗೆ ಬಂದು ನೋಡಿದ್ರೆ ಅಮ್ಮ ಬಾಗಿಲ ಹತ್ರ ನಿಂತು ಪಕ್ಕದ ಮನೆಯವರಿಗೆ ಎಳ್ಳು ಬೀರ್ತಿದಾರೆ. "ಹೇಗೆ ಎದ್ರಿ?" ಅಂದೆ. "ಎದ್ದೆ" ಅಂದ್ರು. ಕೈಯೆಲ್ಲ ಕೊಬ್ಬರಿ ಎಣ್ಣೆ ಇತ್ತು. ಗೋಡೆ ನೋಡ್ದೆ, ಹೊಸ ಕಲೆ ಇರಲಿಲ್ಲ.

ಆಶಾ ಅಕ್ಕ, ನಿಮಗೊಂದು ಡಬ್ಬಿ ಎಳ್ಳು ಕಳಿಸ್ಬೇಕು. ವಿಳಾಸ ಖಾಸಗಿಯಾಗಿ ಕಳಿಸಿ. ಬೆಲ್ಲದಚ್ಚು, ನಿಮ್ಮ ಕಡೆ ಒಳ್ಳೆ ಬೆಲ್ಲ ಎಲ್ಲಿ ಸಿಗುತ್ತೆ?

ಬೆಲ್ಲದಚ್ಚು · ಜನವರಿ 16, ಸಂಜೆ 7:52

ಆಲೆಮನೆ ನಮ್ಮದೇ ಅಕ್ಕ. ಎಷ್ಟು ಕೆಜಿ ಹೇಳಿ.